ಎಂಜಿನ್ನಿನ ಉಸಿರನ್ನು ತೂಗುವ ತಂತಿ

ಎರಡು ಲೀಟರಿನ ಪೆಟ್ರೋಲ್ ಎಂಜಿನ್ನೊಂದು ನಿಮಿಷಕ್ಕೆ 3000 ಸುತ್ತು ತಿರುಗುತ್ತಿರುವಾಗ ಆಕ್ಸಿಲರೇಟರನ್ನು ಪೂರ್ತಿ ಒತ್ತಿದರೆ, ಅದು ಸೆಕೆಂಡಿಗೆ ಹೆಚ್ಚುಕಡಿಮೆ 50 ಗ್ರಾಂ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಒಂದು ಗ್ರಾಂ ಪೆಟ್ರೋಲ್ ಪೂರ್ತಿಯಾಗಿ ಉರಿಯಲು 14.7 ಗ್ರಾಂ ಗಾಳಿ ಬೇಕು. ಆ ಲೆಕ್ಕದಲ್ಲಿ 50 ಗ್ರಾಂ ಗಾಳಿಗೆ 3.4 ಗ್ರಾಂ ಪೆಟ್ರೋಲ್. ಪೆಟ್ರೋಲನ್ನು ಅಳೆದು ಕೊಡುವುದು ಅಷ್ಟೇನೂ ಕಷ್ಟವಲ್ಲ. ಇಂಜೆಕ್ಟರ್ ಎಷ್ಟು ಮಿಲಿಸೆಕೆಂಡ್ ತೆರೆದಿದ್ದರೆ ಎಷ್ಟು ಇಂಧನ ಸಿಂಪಡಣೆಯಾಗುತ್ತದೆ ಎಂಬುದು ಮೊದಲೇ ಗೊತ್ತಿರುತ್ತದೆ. ತೊಡಕಿರುವುದು ಗಾಳಿಯಲ್ಲಿ. ಅದು ಬಿಸಿಲಿಗೆ ಹಿಗ್ಗುತ್ತದೆ, ಎತ್ತರಕ್ಕೆ ಹೋದಂತೆ ತೆಳುವಾಗುತ್ತದೆ. ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತಿ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿಗೆ ಬಂದರೆ, ಉಷ್ಣತೆ ಒಂದೇ ಇದ್ದರೂ, ಒಂದು ಲೀಟರ್ ಗಾಳಿಯ ತೂಕ ಸುಮಾರು ಹತ್ತನೇ ಒಂದು ಪಾಲು ಇಳಿದಿರುತ್ತದೆ. ಎಂಜಿನ್ನಿಗೆ ಬೇಕಾದದ್ದು ಗಾಳಿಯ ಗಾತ್ರವಲ್ಲ, ತೂಕ.

ಜರ್ಮನಿಯ ಬಾಷ್ ಕಂಪನಿ 1970ರ ದಶಕದಲ್ಲಿ ತಂದ ಎಲ್-ಜೆಟ್ರಾನಿಕ್ ವ್ಯವಸ್ಥೆಯಲ್ಲಿ ಗಾಳಿಯ ದಾರಿಗೆ ಸ್ಪ್ರಿಂಗ್ ಇರುವ ಒಂದು ಕದವಿತ್ತು. ಗಾಳಿ ತಳ್ಳಿದಷ್ಟು ಕದ ತೆರೆಯುತ್ತಿತ್ತು. ಅದು ಅಳೆಯುತ್ತಿದ್ದದ್ದು ಗಾತ್ರವನ್ನು. ಉಷ್ಣತೆಗೆ, ಎತ್ತರಕ್ಕೆ ಬೇರೆ ತಿದ್ದುಪಡಿ ಬೇಕಾಗುತ್ತಿತ್ತು. 1980ರ ದಶಕದ ಆರಂಭದಲ್ಲಿ ಬಂದ ಎಲ್ಎಚ್-ಜೆಟ್ರಾನಿಕ್‌ನಲ್ಲಿ ಕದದ ಜಾಗಕ್ಕೆ ಕೂದಲೆಳೆಯಂಥ ಪ್ಲಾಟಿನಂ ತಂತಿ ಬಂದಿತು. ತಂತಿಯನ್ನು ವಿದ್ಯುತ್ತಿನಿಂದ ಕಾಯಿಸಿ, ಒಳಬರುವ ಗಾಳಿಗಿಂತ ಅದು ಸದಾ ಒಂದು ನಿಗದಿತ ಅಂತರದಷ್ಟು ಬಿಸಿಯಾಗಿ ಇರುವಂತೆ ನೋಡಿಕೊಳ್ಳುವುದು ಇದರ ಉಪಾಯ. ಗಾಳಿ ಹೆಚ್ಚು ಹರಿದರೆ ತಂತಿ ಹೆಚ್ಚು ಶಾಖ ಕಳೆದುಕೊಳ್ಳುತ್ತದೆ. ಅದನ್ನು ತುಂಬಿಕೊಡಲು ಹೆಚ್ಚು ವಿದ್ಯುತ್ ಬೇಕು. ಶಾಖವನ್ನು ಹೊತ್ತೊಯ್ಯುವುದು ಗಾಳಿಯ ಅಣುಗಳಾದ್ದರಿಂದ ತೆಳುಗಾಳಿ ತಂತಿಯನ್ನು ಕಡಿಮೆ ತಣಿಸುತ್ತದೆ. ಘಾಟಿಯ ಮೇಲೂ ಕೆಳಗೂ ಲೆಕ್ಕ ತಾನಾಗಿಯೇ ಹೊಂದಿಕೊಳ್ಳುತ್ತದೆ. ನನ್ನ ಮಟ್ಟಿಗೆ ವಾಹನಗಳಲ್ಲಿರುವ ಅತ್ಯಂತ ಸುಂದರ ಉಪಕರಣಗಳಲ್ಲಿ ಇದೂ ಒಂದು. ಆ ಮೊದಲ ತಲೆಮಾರಿನ ತಂತಿಗಳ ಮೇಲೆ ಕೂತ ಕೊಳೆಯನ್ನು ಸುಡಲು, ಎಂಜಿನ್ ಆರಿಸಿದ ಮೇಲೆ ಒಂದು ಸೆಕೆಂಡಿನ ಮಟ್ಟಿಗೆ ಅವನ್ನು ಸುಮಾರು 1000 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಲಾಗುತ್ತಿತ್ತು. ಈಗಿನವುಗಳಲ್ಲಿ ತಂತಿಯ ಬದಲು ತೆಳು ಪದರವಿರುವುದೇ ಹೆಚ್ಚು.

ಬಿಸಿ ತಂತಿಗೂ ಗಾಳಿಗೂ ಇರುವ ಈ ಸಂಬಂಧಕ್ಕೆ ಸೂತ್ರ ಕೊಟ್ಟವನು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಲೂಯಿ ವೆಸ್ಸೊ ಕಿಂಗ್, 1914ರಲ್ಲಿ. ತಂತಿ ಕಳೆದುಕೊಳ್ಳುವ ಶಾಖದಲ್ಲಿ ಎರಡು ಪಾಲು: ಒಂದು ಸ್ಥಿರ, ಇನ್ನೊಂದು ಹರಿವಿನ ವರ್ಗಮೂಲದೊಂದಿಗೆ ಏರುವಂಥದ್ದು. ಇತ್ತ ತಂತಿಗೆ ಕೊಡುವ ಶಾಖ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಎರಡನ್ನೂ ಸೇರಿಸಿ ತಿರುಗಿಸಿ ಬರೆದರೆ, ಗಾಳಿಯ ಹರಿವು ವೋಲ್ಟೇಜಿನ ನಾಲ್ಕನೇ ಘಾತದ ಆಸುಪಾಸಿನಲ್ಲಿ ಏರುತ್ತದೆ ಎಂದಾಗುತ್ತದೆ. ಹಾಗಾಗಿ ವೋಲ್ಟೇಜಿನಲ್ಲಿ ಶೇಕಡಾ 1ರಷ್ಟು ತಪ್ಪಿದರೆ ಗಾಳಿಯ ಲೆಕ್ಕ ಶೇಕಡಾ 4ಕ್ಕಿಂತ ಹೆಚ್ಚು ತಪ್ಪುತ್ತದೆ.

ಎಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ಈ ಸೂತ್ರವನ್ನು ಬಿಡಿಸುತ್ತ ಕೂರುವುದಿಲ್ಲ. ಅದರ ನೆನಪಿನಲ್ಲಿ ಒಂದು ಕೋಷ್ಟಕವಿರುತ್ತದೆ: ಇಷ್ಟು ವೋಲ್ಟ್ ಬಂದರೆ ಸೆಕೆಂಡಿಗೆ ಇಷ್ಟು ಗ್ರಾಂ ಗಾಳಿ. ಈ ತಂತಿಯ ಸೆನ್ಸರ್ ಕೊಡುವುದು ವೋಲ್ಟೇಜನ್ನು ಮಾತ್ರ. ಅದನ್ನು ಗಾಳಿಯೆಂದು ಓದುವುದು ಕೋಷ್ಟಕ. ಕೆಲವು ಕಂಪನಿಗಳ ಸೆನ್ಸರ್‌ಗಳು ವೋಲ್ಟೇಜಿನ ಬದಲು ಆವರ್ತನವನ್ನು ಕೊಡುತ್ತವೆ, ಆದರೆ ಕೋಷ್ಟಕ ಅಲ್ಲಿಯೂ ಉಂಟು. ಕ್ಯಾಲಿಬ್ರೇಷನ್ ಎಂದರೆ ಆ ಕೋಷ್ಟಕವನ್ನು ತಿದ್ದುವುದು. ಸೆನ್ಸರನ್ನು ಯಾರೂ ಮುಟ್ಟುವುದಿಲ್ಲ.

ಕಾರ್ಖಾನೆಯಲ್ಲಿ ಸರಿಯಿದ್ದ ಕೋಷ್ಟಕ ಆಮೇಲೇಕೆ ತಪ್ಪಾಗುತ್ತದೆ? ಸೆನ್ಸರ್ ಕೊಳವೆಯೊಳಗಿನ ಗಾಳಿಯನ್ನೆಲ್ಲ ಅಳೆಯುವುದಿಲ್ಲ. ಕಾಲುವೆಯ ಒಂದು ಕಡೆ ಕೋಲು ಊರಿ ನೀರಿನ ವೇಗ ನೋಡಿ ಇಡೀ ಕಾಲುವೆಯ ಹರಿವನ್ನು ಹೇಳಿದ ಹಾಗೆ, ಅದು ಒಂದು ಸಣ್ಣ ಕಿಂಡಿಯಲ್ಲಿ ಹಾದ ಗಾಳಿಯಿಂದ ಒಟ್ಟು ಗಾಳಿಯನ್ನು ಊಹಿಸುತ್ತದೆ. ಕಾಲುವೆಯ ಅಗಲ ಬದಲಾದರೆ ಊಹೆ ಕೆಡುತ್ತದೆ. 60 ಮಿಲಿಮೀಟರ್ ವ್ಯಾಸದ ಕೊಳವೆ ತೆಗೆದು 66 ಮಿಲಿಮೀಟರಿನದನ್ನು ಹಾಕಿದರೆ ಅಡ್ಡಕೊಯ್ತದ ವಿಸ್ತೀರ್ಣ ಶೇಕಡಾ 21ರಷ್ಟು ಹೆಚ್ಚಾಗುತ್ತದೆ. ಅಷ್ಟೇ ಗಾಳಿ ನಿಧಾನವಾಗಿ ಹರಿಯುತ್ತದೆ, ಸೆನ್ಸರ್ ಕಡಿಮೆ ಹೇಳುತ್ತದೆ. ಕೊಳವೆಯ ತಿರುವು ಸೆನ್ಸರಿಗೆ ತೀರ ಹತ್ತಿರವಿದ್ದರೆ ಗಾಳಿ ಒಂದು ಬದಿಗೆ ಒತ್ತಿಕೊಂಡು ಹರಿದು ಬೇರೆ ಬಗೆಯ ತಪ್ಪು ಹುಟ್ಟುತ್ತದೆ. ಎಣ್ಣೆ ಸವರಿದ ಹತ್ತಿಯ ಫಿಲ್ಟರ್ ಹಾಕಿದವರಲ್ಲಿ ಎಣ್ಣೆಯ ಪಸೆ ತಂತಿಯ ಮೇಲೆ ಕೂರಬಹುದು. ಅಂಥಲ್ಲಿ ಮೊದಲು ಮಾಡಬೇಕಾದ ಕೆಲಸ ಸೆನ್ಸರನ್ನು ಅದಕ್ಕೆಂದೇ ಇರುವ ಕ್ಲೀನರ್ ಸ್ಪ್ರೇಯಿಂದ ತೊಳೆಯುವುದು. ಕೊಳೆಗೆ ಹೊಂದುವಂತೆ ಕೋಷ್ಟಕ ತಿದ್ದುವುದು ನನಗೆ ಎಳ್ಳಷ್ಟೂ ಒಪ್ಪಿಗೆಯಿಲ್ಲದ ಕೆಲಸ.

ತಪ್ಪು ಎಷ್ಟಿದೆ ಎಂದು ತಿಳಿಯುವುದು ಎಂಜಿನ್ನಿನ ಇನ್ನೊಂದು ತುದಿಯಿಂದ. ಹೊಗೆ ಹೋಗುವ ಕೊಳವೆಯಲ್ಲಿರುವ ಆಕ್ಸಿಜನ್ ಸೆನ್ಸರ್ ಉರಿದು ಬಂದ ಅನಿಲದಲ್ಲಿ ಆಮ್ಲಜನಕ ಉಳಿದಿದೆಯೇ ಎಂದು ನೋಡುತ್ತದೆ. ಉಳಿದಿದ್ದರೆ ಪೆಟ್ರೋಲ್ ಸಾಲದಾಗಿತ್ತು ಎಂದರ್ಥ. ಇಸಿಯು ತಕ್ಷಣ ಇಂಧನ ಹೆಚ್ಚಿಸುತ್ತದೆ. ಹೀಗೆ ಹೆಚ್ಚಿಸಿದ ಅಥವಾ ತಗ್ಗಿಸಿದ ಶೇಕಡಾವಾರು ಪ್ರಮಾಣವೇ ಫ್ಯೂಯಲ್ ಟ್ರಿಮ್. ಅದರಲ್ಲಿ ಎರಡು ಬಗೆ: ಕ್ಷಣಕ್ಷಣಕ್ಕೂ ಏರಿಳಿಯುವ ಅಲ್ಪಾವಧಿ ಟ್ರಿಮ್, ಮತ್ತು ಅದರಿಂದ ಕಲಿತದ್ದನ್ನು ನೆನಪಿಟ್ಟುಕೊಳ್ಳುವ ದೀರ್ಘಾವಧಿ ಟ್ರಿಮ್. ಎರಡನ್ನೂ ಕೂಡಿದರೆ ಇಸಿಯು ತನ್ನ ಮೂಲ ಲೆಕ್ಕವನ್ನು ಎಷ್ಟು ತಿದ್ದಿಕೊಂಡಿತು ಎಂಬುದು ತಿಳಿಯುತ್ತದೆ. ಬೇರೆಲ್ಲ ಸರಿಯಿದ್ದರೆ ಅದೇ ಗಾಳಿಯ ಕೋಷ್ಟಕದ ತಪ್ಪಿನ ಅಳತೆ. ಕೋಷ್ಟಕದಲ್ಲಿ 20 ಗ್ರಾಂ ಎಂದಿರುವ ವೋಲ್ಟೇಜಿನಲ್ಲಿ ಟ್ರಿಮ್‌ಗಳ ಮೊತ್ತ ಸರಾಸರಿ ಶೇಕಡಾ 8 ಬಂದರೆ, ಅಲ್ಲಿ 21.6 ಎಂದು ಬರೆಯಬೇಕು. ಗಣಿತ ಇಷ್ಟೇ.

ದತ್ತಾಂಶ ಸಂಗ್ರಹಿಸುವುದು ಈಗ ಯಾರ ಕೈಗಾದರೂ ಎಟುಕುವಂಥದ್ದು. ಅಮೆರಿಕದಲ್ಲಿ 1996ರಿಂದ, ಭಾರತದಲ್ಲಿ 2013ರಿಂದ ಹೊಸ ಕಾರುಗಳಿಗೆ ಒಬಿಡಿ-2, ಅಂದರೆ ಕಾರು ತನ್ನ ದೋಷಗಳನ್ನು ತಾನೇ ಪತ್ತೆಹಚ್ಚಿ ತಿಳಿಸುವ ವ್ಯವಸ್ಥೆ, ಕಡ್ಡಾಯ. ಸ್ಟಿಯರಿಂಗ್‌ನ ಕೆಳಭಾಗದಲ್ಲಿರುವ ಅದರ ಕನೆಕ್ಟರಿಗೆ ಅಡಾಪ್ಟರ್ ಸಿಕ್ಕಿಸಿದರೆ ಗಾಳಿಯ ಹರಿವು, ಎರಡೂ ಟ್ರಿಮ್, ಎಂಜಿನ್ ವೇಗ, ಒಳಬರುವ ಗಾಳಿಯ ಉಷ್ಣತೆ ಎಲ್ಲವನ್ನೂ ಕೇಳಿ ಪಡೆಯಬಹುದು. ನಮ್ಮ ಅನೇಕ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಮಾತ್ರ ಗಾಳಿಯ ಹರಿವಿನ ಸೆನ್ಸರೇ ಇರುವುದಿಲ್ಲ. ಅವು ಇನ್‌ಟೇಕ್ ಮ್ಯಾನಿಫೋಲ್ಡಿನ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಯ) ಒತ್ತಡದಿಂದ ಗಾಳಿಯ ತೂಕವನ್ನು ಲೆಕ್ಕ ಹಾಕುತ್ತವೆ. ಗಾಳಿಯ ಕೋಷ್ಟಕ ತಿದ್ದುವ ಕಸುಬು ಚೆನ್ನಾಗಿ ಬೆಳೆದಿರುವುದು ಜಪಾನಿನ ಸುಬಾರು ಕಂಪನಿಯ ಟರ್ಬೊ (ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಸಾಧನ) ಇರುವ ಕಾರುಗಳನ್ನು ಇಟ್ಟುಕೊಂಡ ಹೊರದೇಶದ ಹವ್ಯಾಸಿಗಳಲ್ಲಿ. ಅವರು ಬಳಸುವ ರಾಮ್‌ರೇಡರ್ ಎಂಬ ಮುಕ್ತ ತಂತ್ರಾಂಶದಲ್ಲಿ ಈ ಕೆಲಸಕ್ಕೆಂದೇ ಒಂದು ಪುಟವಿದೆ: ಓಡಿಸುತ್ತಿದ್ದಂತೆ ಅಡ್ಡಗೆರೆಯಲ್ಲಿ ವೋಲ್ಟೇಜ್, ನೇರಗೆರೆಯಲ್ಲಿ ತಿದ್ದುಪಡಿ ಎಂದು ಚುಕ್ಕಿಗಳು ಬೀಳುತ್ತ ಹೋಗುತ್ತವೆ. ಸುಬಾರು ಇಸಿಯು ದೀರ್ಘಾವಧಿ ಟ್ರಿಮ್ಮನ್ನು ಹರಿವಿನ ಕೆಲವೇ ವಲಯಗಳಾಗಿ ಒಡೆದು ಇಟ್ಟುಕೊಳ್ಳುವುದರಿಂದ, ವಲಯದ ಗಡಿ ದಾಟಿದೊಡನೆ ಆ ಸಂಖ್ಯೆ ಹಾರುತ್ತದೆ. ಅದೊಂದನ್ನೇ ನೋಡಿದವರು ದಾರಿ ತಪ್ಪುತ್ತಾರೆ, ಮೊತ್ತವನ್ನು ನೋಡಬೇಕು.

ಸಂಗ್ರಹಿಸಿದ್ದರಲ್ಲಿ ಹೆಚ್ಚಿನದನ್ನು ಎಸೆಯಬೇಕಾಗುತ್ತದೆ. ಎಂಜಿನ್ ಬಿಸಿಯಾಗುವ ಮೊದಲಿನ ಸಾಲುಗಳು ಬೇಡ, ಏಕೆಂದರೆ ಆಗ ಇಸಿಯು ಬೇಕೆಂದೇ ಹೆಚ್ಚು ಪೆಟ್ರೋಲ್ ಕೊಡುತ್ತಿರುತ್ತದೆ. ಆಕ್ಸಿಲರೇಟರನ್ನು ಒತ್ತುವಾಗಿನ, ಬಿಡುವಾಗಿನ ಸಾಲುಗಳೂ ಬೇಡ. ಈ ಕ್ಷಣ ತಂತಿಯನ್ನು ದಾಟಿದ ಗಾಳಿ ಉರಿದು ಆಕ್ಸಿಜನ್ ಸೆನ್ಸರ್ ತಲುಪುವಷ್ಟರಲ್ಲಿ ತಂತಿಯ ಬಳಿ ಬೇರೆಯೇ ಹರಿವಿರುತ್ತದೆ. ಆ ಟ್ರಿಮ್ಮನ್ನು ಈ ವೋಲ್ಟೇಜಿನ ಎದುರು ಬರೆದರೆ ಅದು ಸುಳ್ಳು ದಾಖಲೆ. ವೋಲ್ಟೇಜ್ ಬದಲಾಗುವ ವೇಗಕ್ಕೆ ಮಿತಿ ಹಾಕಿ, ಅದನ್ನು ಮೀರಿದ ಸಾಲುಗಳನ್ನು ತಂತ್ರಾಂಶವೇ ಬಿಡುವಂತೆ ಮಾಡಬಹುದು. ಸಂಚಾರದಲ್ಲಿ ನಿಂತು ಬಾನೆಟ್ಟಿನೊಳಗೆ ಬಿಸಿ ತುಂಬಿಕೊಂಡ ಹೊತ್ತಿನ ಅಳತೆಗಳನ್ನೂ ನಂಬಬಾರದು. ಒಳ್ಳೆಯ ದತ್ತಾಂಶ ಸಿಗುವುದು ಖಾಲಿ ಹೆದ್ದಾರಿಯಲ್ಲಿ, ಬೆಳಗಿನ ತಂಪಿನಲ್ಲಿ, ಒಂದೇ ಹದದಲ್ಲಿ ಓಡಿಸಿದಾಗ. ಪರದೆಯನ್ನು ನೋಡುವವರು ಪಕ್ಕದ ಸೀಟಿನಲ್ಲಿ ಬೇರೊಬ್ಬರಿರಲೇಬೇಕು.

ಇಷ್ಟಾದ ಮೇಲೆ ಅವಸರ ಮಾಡದೆ ಚುಕ್ಕಿಗಳು ಯಾವ ಆಕಾರದಲ್ಲಿ ಹರಡಿವೆ ಎಂದು ನೋಡಬೇಕು. ಈ ಕೆಲಸದ ಜಾಣ್ಮೆಯೆಲ್ಲ ಅಲ್ಲಿದೆ. ಐಡಲ್‌ನಲ್ಲಿ (ಗಾಡಿ ನಿಂತು ಎಂಜಿನ್ ಸುಮ್ಮನೆ ತಿರುಗುತ್ತಿರುವಾಗ) ಟ್ರಿಮ್ ಶೇಕಡಾ 15 ಇದ್ದು, ಹರಿವು ಹೆಚ್ಚಿದಂತೆ ಸೊನ್ನೆಯತ್ತ ಇಳಿದರೆ ಸೆನ್ಸರಿಗಿಂತ ಮೊದಲು ರಬ್ಬರ್ ಹೋಸ್‌ಗಳನ್ನು ಅನುಮಾನಿಸಿ. ಥ್ರಾಟಲ್‌ನಿಂದ (ಆಕ್ಸಿಲರೇಟರ್ ಒತ್ತಿದಂತೆ ಗಾಳಿಯ ದಾರಿ ತೆರೆಯುವ ಕವಾಟದಿಂದ) ಆಚೆ ಎಲ್ಲೋ ಬಿರುಕಿದ್ದು, ಸೆನ್ಸರನ್ನು ದಾಟದ ಗಾಳಿ ಒಳಹೊಕ್ಕುತ್ತಿದೆ. ಆ ಸೋರಿಕೆ ಐಡಲ್‌ನ ಸೆಕೆಂಡಿಗೆ ಎರಡು ಮೂರು ಗ್ರಾಂ ಗಾಳಿಯ ಮುಂದೆ ದೊಡ್ಡದು, 50 ಗ್ರಾಂ ಮುಂದೆ ಗಣನೆಗೇ ಬಾರದು. ತದ್ವಿರುದ್ಧವಾಗಿ ಹರಿವು ಹೆಚ್ಚಿದಂತೆ ಟ್ರಿಮ್ಮೂ ಏರಿದರೆ ಸೆನ್ಸರ್ ಕೊಳೆಯಾಗಿರಬಹುದು, ಇಲ್ಲವೇ ಪೆಟ್ರೋಲ್ ಪಂಪ್ ಸೋತಿರಬಹುದು. ಇಂಧನದ ಒತ್ತಡ ಅಳೆಯದೆ ತೀರ್ಪು ಕೊಡುವಂತಿಲ್ಲ. ಟರ್ಬೊ ಕಾರಿನಲ್ಲಿ ಟರ್ಬೊದಿಂದ ಮುಂದಿನ ಕೊಳವೆ ಸಡಿಲವಾಗಿದ್ದರೆ, ಅಳತೆಗೆ ಸಿಕ್ಕ ಗಾಳಿಯೇ ಒತ್ತಡಕ್ಕೆ ಹೊರಗೆ ಸೋರಿ ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಾಗುತ್ತದೆ.

ಎಲ್ಲ ಹರಿವಿನಲ್ಲಿಯೂ ಒಂದೇ ಸಮನೆ ಶೇಕಡಾ 7 ಅಥವಾ 8 ಬಂದರೆ? ಇದು ಇಂದು ಭಾರತದಲ್ಲಿ ಮುಖ್ಯವಾದ ಪ್ರಶ್ನೆ. ನಮ್ಮ ಬಂಕುಗಳಲ್ಲಿ ಸಿಗುವ ಇ20 ಪೆಟ್ರೋಲಿನಲ್ಲಿ ಐದನೇ ಒಂದು ಪಾಲು ಎಥೆನಾಲ್. ಒಂದು ಗ್ರಾಂ ಎಥೆನಾಲ್ ಉರಿಯಲು ಕೇವಲ 9 ಗ್ರಾಂ ಗಾಳಿ ಸಾಕು. ಇ20 ಮಿಶ್ರಣಕ್ಕೆ ಲೆಕ್ಕ ಹಾಕಿದರೆ ಸುಮಾರು 13.5 ಬರುತ್ತದೆ. ಶುದ್ಧ ಪೆಟ್ರೋಲಿನ 14.7ನ್ನು ನಂಬಿಕೊಂಡ ಇಸಿಯು ಅಷ್ಟೇ ಗಾಳಿಗೆ ಹೆಚ್ಚು ಇಂಧನ ಸುರಿಯಬೇಕಾಗುತ್ತದೆ, ಟ್ರಿಮ್ ಉದ್ದಕ್ಕೂ ಮೇಲೇರಿ ನಿಲ್ಲುತ್ತದೆ. ಅದನ್ನು ಗಾಳಿಯ ಸೆನ್ಸರಿನ ತಲೆಗೆ ಕಟ್ಟಿ ಕೋಷ್ಟಕವನ್ನು ಶೇಕಡಾ 8ರಷ್ಟು ಹಿಗ್ಗಿಸಿದರೆ ಟ್ರಿಮ್ ಸೊನ್ನೆಗೆ ಬರುತ್ತದೆ, ನೋಡುವವರಿಗೆ ಎಲ್ಲ ಸರಿಯಾದಂತೆ ಕಾಣುತ್ತದೆ. ಆದರೆ ಗಾಳಿ ಇದ್ದಷ್ಟೇ ಇದೆ. ತಿದ್ದಬೇಕಾದದ್ದು ಇಂಜೆಕ್ಟರಿಗೆ ಸಂಬಂಧಿಸಿದ ಸಂಖ್ಯೆಯನ್ನು.

ಈ ಭೇದಕ್ಕೆ ಇಷ್ಟೊಂದು ಒತ್ತು ಕೊಡಲು ಕಾರಣವಿದೆ. ಗಾಳಿಯ ಕೋಷ್ಟಕ ಪೆಟ್ರೋಲಿಗೆ ಮಾತ್ರ ಸಂಬಂಧಿಸಿದ್ದಲ್ಲ. ಎಂಜಿನ್ ಮೇಲೆ ಎಷ್ಟು ಹೊರೆ ಇದೆ ಎಂದು ಇಸಿಯು ತಿಳಿಯುವುದು ಅದೇ ಗಾಳಿಯಿಂದ, ಸ್ಪಾರ್ಕ್ ಪ್ಲಗ್ ಯಾವಾಗ ಕಿಡಿ ಹಾರಿಸಬೇಕೆಂದು ತೀರ್ಮಾನಿಸುವುದು ಆ ಹೊರೆಯಿಂದ. ಗಾಳಿ ಇರುವುದಕ್ಕಿಂತ ಕಡಿಮೆ ಎಂದು ಬರೆದರೆ ಹೊರೆ ಹಗುರವೆಂದು ಭಾವಿಸಿ ಇಸಿಯು ಕಿಡಿಯನ್ನು ಬೇಗ ಹಾರಿಸುತ್ತದೆ. ಟರ್ಬೊ ಎಂಜಿನ್ನಿನಲ್ಲಿ ಅದು ಸಿಲಿಂಡರಿನೊಳಗಿನ ಮಿಶ್ರಣ ಅಂಕೆ ತಪ್ಪಿ ತಾನಾಗಿಯೇ ಸಿಡಿಯುವ ನಾಕಿಂಗ್‌ಗೆ, ಮುಂದುವರಿದರೆ ಒಡೆದ ಪಿಸ್ಟನ್ನಿಗೆ ದಾರಿ.

ತಿದ್ದಿದ ಕೋಷ್ಟಕವನ್ನು ನಕ್ಷೆಯಾಗಿ ಬರೆದು ನೋಡುವುದೂ ಅಷ್ಟೇ ಅಗತ್ಯ. ಕಿಂಗ್‌ನ ಸೂತ್ರದ ಪ್ರಕಾರ ಗೆರೆ ನುಣುಪಾಗಿ ಏರಬೇಕು. ನಡುವೆ ಒಂದು ಉಬ್ಬು ಎದ್ದಿದ್ದರೆ ಅದು ಬಹುಮಟ್ಟಿಗೆ ಗದ್ದಲದ ದತ್ತಾಂಶದ ಫಲ. ಐದಾರು ಚುಕ್ಕಿಗಳಿಂದ ತೆಗೆದ ಸರಾಸರಿಗೆ ಬೆಲೆಯಿಲ್ಲ. ಅದನ್ನು ನಯಗೊಳಿಸಿ, ಬ್ಯಾಟರಿ ಬಿಚ್ಚಿ ಅಥವಾ ಉಪಕರಣದಿಂದ ಹಳೆಯ ಟ್ರಿಮ್‌ಗಳನ್ನು ಅಳಿಸಿ, ಮತ್ತೆ ಓಡಿಸಿ ನೋಡಬೇಕು. ಟ್ರಿಮ್ ಎರಡು ಮೂರು ಶೇಕಡಾ ಅತ್ತಿತ್ತ ಆಡುತ್ತಿದ್ದರೆ ಸಾಕು. ಇಂದಿನ ಹವೆಗೂ ನಾಳಿನ ಹವೆಗೂ, ಒಂದು ಬಂಕಿನ ಪೆಟ್ರೋಲಿಗೂ ಇನ್ನೊಂದರದ್ದಕ್ಕೂ ಅಷ್ಟು ವ್ಯತ್ಯಾಸ ಸಹಜ.

ಇಷ್ಟೆಲ್ಲ ಮಾಡಿದರೂ ಕೋಷ್ಟಕದ ಮೇಲ್ತುದಿ ಹಾಗೆಯೇ ಉಳಿದಿರುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಎಂಜಿನ್ ತಂಪಾಗಿರಲೆಂದು ಇಸಿಯು ಬೇಕೆಂದೇ ಹೆಚ್ಚು ಪೆಟ್ರೋಲ್ ಕೊಡುತ್ತದೆ, ಟ್ರಿಮ್‌ಗಳ ತಿದ್ದಾಟವನ್ನು ನಿಲ್ಲಿಸುತ್ತದೆ. ಅಲ್ಲಿ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಬೇಕು. ಅದು ಮಿಶ್ರಣದ ಅನುಪಾತವನ್ನು ಅಂಕಿಯಲ್ಲಿಯೇ ಹೇಳುತ್ತದೆ. ಇಸಿಯು 11.5 ಕೇಳಿ, ಸೆನ್ಸರ್ 12.1 ತೋರಿಸಿದರೆ ಗಾಳಿಯ ಅಂಕಿಯನ್ನು 12.1ನ್ನು 11.5ರಿಂದ ಭಾಗಿಸಿದ ಪ್ರಮಾಣದಲ್ಲಿ, ಅಂದರೆ ಶೇಕಡಾ 5ರಷ್ಟು, ಏರಿಸಬೇಕು. ಈ ಅಳತೆಗೆ ಸಾರ್ವಜನಿಕ ರಸ್ತೆ ತಕ್ಕ ಜಾಗವಲ್ಲ. ಕಾರನ್ನು ಡೈನೊ (ನಿಂತಲ್ಲೇ ಓಡಿಸಿ ಎಂಜಿನ್ನಿನ ಶಕ್ತಿ ಅಳೆಯುವ ಯಂತ್ರ) ರೋಲರುಗಳ ಮೇಲೆ ಕಟ್ಟಿ ನಿಲ್ಲಿಸಿ, ನಾಕಿಂಗ್ ಮೇಲೆ ಕಣ್ಣಿಟ್ಟು, ಕೊನೆಯ ಆ ಕೆಲವು ಸಾಲುಗಳನ್ನು ಅಲ್ಲಿಯೇ ತುಂಬಬೇಕು.