ಕೋಟಿ ಜನರಿಂದ ಶುರುವಾದ ಸೈ-ಫೈ ಸರಣಿ ಅರ್ಧದಾರಿಯಲ್ಲೇ ಬರಿದಾಗುವುದೇಕೆ?

ಓದುಗರ ಪ್ರಶ್ನೆ: ಅಮೆರಿಕದ ಎಷ್ಟೋ ಸೈ-ಫೈ (ವಿಜ್ಞಾನದ ಕಲ್ಪನೆಯ) ಸರಣಿಗಳು ಭರ್ಜರಿಯಾಗಿ ಶುರುವಾಗಿ ಒಂದೆರಡು ಸೀಸನ್ನಿಗೇ ನಿಂತುಹೋಗುತ್ತವೆ. ಪೊಲೀಸರ ಕಥೆ, ಆಸ್ಪತ್ರೆ ಕಥೆಗಳು ಮಾತ್ರ ಹತ್ತು ಹದಿನೈದು ವರ್ಷ ಓಡುತ್ತವೆ. ವಿಜ್ಞಾನ ಜನಕ್ಕೆ ಅರ್ಥವಾಗದಿರುವುದೇ ಕಾರಣವೇ?

ಉತ್ತರ: ವಿಜ್ಞಾನಕ್ಕೂ ಇದಕ್ಕೂ ಸಂಬಂಧ ತೀರಾ ಕಡಿಮೆ. ನೌಕೆ ಬೆಳಕಿಗಿಂತ ವೇಗವಾಗಿ ಓಡುತ್ತದೆ ಎಂದರೆ ನೋಡುವವರು ‘ಆಗಲಿ, ಮುಂದೇನು?’ ಅನ್ನುತ್ತಾರೆಯೇ ಹೊರತು ಐನ್‌ಸ್ಟೈನ್‌ನನ್ನು ಎಳೆದು ತರುವುದಿಲ್ಲ. ಸರಣಿ ಸೋತಾಗ ‘ಜನರ ತಲೆಗೆ ಹತ್ತಲಿಲ್ಲ’ ಎನ್ನುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ನೋಡುಗರು ಯಾವ ಧಾರಾವಾಹಿಯಿಂದಲಾದರೂ ವಾರವಾರ ಸೋರಿಹೋಗುತ್ತಲೇ ಇರುತ್ತಾರೆ. ಒಬ್ಬರಿಗೆ ರಾತ್ರಿ ಪಾಳಿ ಬಂತು, ಇನ್ನೊಬ್ಬರ ಮನೆಯಲ್ಲಿ ಮಗು ಹುಟ್ಟಿತು, ಮತ್ತೊಬ್ಬರಿಗೆ ಅದೇ ಹೊತ್ತಿಗೆ ಮ್ಯಾಚ್. ಪೊಲೀಸರ ಕಥೆಗೂ ಈ ಸೋರಿಕೆ ತಪ್ಪಿದ್ದಲ್ಲ. ಆದರೆ ಅಲ್ಲಿ ವಾರಕ್ಕೊಂದು ಹೊಸ ಕೇಸು. ಹೋದವರ ಜಾಗಕ್ಕೆ ಬಂದವರು ಸೋಫಾದ ಮೇಲೆ ಕೂತ ಹತ್ತು ನಿಮಿಷದಲ್ಲಿ ಕಥೆಯೊಳಗೆ ಇರುತ್ತಾರೆ. ಒಂದೇ ದೊಡ್ಡ ಒಗಟನ್ನು ವರ್ಷವಿಡೀ ಬಿಡಿಸುವ ಸೈ-ಫೈ ಸರಣಿಗೆ ಆ ಅನುಕೂಲವಿಲ್ಲ. ಏಳನೇ ವಾರ ಬಂದವರಿಗೆ ತಲೆಬುಡ ತಿಳಿಯುವುದಿಲ್ಲ. ಎರಡು ವಾರ ತಪ್ಪಿಸಿಕೊಂಡವರು ಮೂರನೆಯ ವಾರ ಮುಜುಗರದಿಂದಲೇ ದೂರ ಉಳಿಯುತ್ತಾರೆ. ತೂಬು ತೆರೆದೇ ಇದೆ, ಒಳಹರಿವು ಮಾತ್ರ ನಿಂತಿದೆ. ಅಂಥ ಕೆರೆ ಎಷ್ಟೇ ದೊಡ್ಡದಿದ್ದರೂ ಬತ್ತುತ್ತದೆ. ಹಾಗಾಗಿ ‘ಜನ ಏಕೆ ಬಿಟ್ಟುಹೋದರು’ ಎಂಬುದಕ್ಕಿಂತ ‘ಬಿಟ್ಟವರು ಏಕೆ ಮರಳಲಿಲ್ಲ, ಹೊಸಬರು ಏಕೆ ಬರಲಿಲ್ಲ’ ಎಂದು ಕೇಳಿದರೆ ಉತ್ತರ ಬೇಗ ಸಿಗುತ್ತದೆ.

ಇದಕ್ಕೆ ಪಾಠದಂತಿರುವ ಸರಣಿ ಎಬಿಸಿ ಚಾನೆಲ್‌ನ ‘ಫ್ಲ್ಯಾಶ್‌ಫಾರ್ವರ್ಡ್’. 2009ರ ಸೆಪ್ಟೆಂಬರ್ 24, ಗುರುವಾರ ರಾತ್ರಿ ಅದರ ಮೊದಲ ಕಂತನ್ನು ಅಮೆರಿಕದಲ್ಲಿ ಸುಮಾರು 1 ಕೋಟಿ 24 ಲಕ್ಷ ಮಂದಿ ನೋಡಿದರು. ಆರಂಭ ನಿಜಕ್ಕೂ ಸೊಗಸಾಗಿತ್ತು. ಭೂಮಿಯ ಮೇಲಿರುವ ಎಲ್ಲರೂ ಒಂದೇ ಕ್ಷಣಕ್ಕೆ 137 ಸೆಕೆಂಡು ಪ್ರಜ್ಞೆ ತಪ್ಪುತ್ತಾರೆ. ಆ ಹೊತ್ತಿನಲ್ಲಿ ಪ್ರತಿಯೊಬ್ಬರಿಗೂ 2010ರ ಏಪ್ರಿಲ್ 29ರಂದು ತಾವು ಏನು ಮಾಡುತ್ತಿರುತ್ತೇವೆ ಎಂಬುದು ಕಾಣುತ್ತದೆ. ಎಚ್ಚರವಾದಾಗ ಲಾಸ್ ಏಂಜಲೀಸ್ ರಸ್ತೆಗಳ ತುಂಬ ನುಜ್ಜುಗುಜ್ಜಾದ ಕಾರುಗಳು, ಅವುಗಳ ನಡುವೆ ಎಲ್ಲಿಂದಲೋ ಬಂದು ಕುಪ್ಪಳಿಸುವ ಒಂದು ಕಾಂಗರೂ. ನಾಯಕ ಎಫ್‌ಬಿಐ ಅಧಿಕಾರಿ. ಅವನ ಜೊತೆಗಾರನಿಗೆ ಭವಿಷ್ಯದಲ್ಲಿ ಏನೂ ಕಂಡಿಲ್ಲ, ಅಂದರೆ ಆ ದಿನಕ್ಕೆ ಅವನು ಬದುಕಿಲ್ಲ. ಕಂತಿನ ಕೊನೆಗೆ ಡೆಟ್ರಾಯಿಟ್‌ನ ಬೇಸ್‌ಬಾಲ್ ಕ್ರೀಡಾಂಗಣದ ಸಿಸಿಟಿವಿ ದೃಶ್ಯ: ಸಾವಿರಾರು ಜನ ಬಿದ್ದುಕೊಂಡಿರುವಾಗ ಒಬ್ಬ ಮಾತ್ರ ಎದ್ದು ನಡೆದು ಹೋಗುತ್ತಿದ್ದಾನೆ. ಇದನ್ನು ನೋಡಿ ಮುಂದಿನ ವಾರಕ್ಕೆ ಕಾಯದವರು ಕಡಿಮೆ.

ಕೊನೆಯ ಕಂತಿಗೆ ಉಳಿದವರು ಸುಮಾರು 50 ಲಕ್ಷ. ನಡುವೆ ಆದದ್ದೇನು ಎಂದು ತಿಳಿಯಲು ಕ್ಯಾಲೆಂಡರ್ ತೆಗೆದು ಗುರುವಾರಗಳನ್ನು ಎಣಿಸಿ. ಏಪ್ರಿಲ್ 29 ಕೂಡ ಗುರುವಾರವೇ. ಕಥೆಯ ನಿರ್ಣಾಯಕ ದಿನವೂ ನೋಡುಗರ ಮನೆಯ ಕ್ಯಾಲೆಂಡರಿನ ದಿನವೂ ಒಂದಾಗಲು ಅವಕಾಶವಿತ್ತು. ಸೆಪ್ಟೆಂಬರ್ 24ರಿಂದ ಏಪ್ರಿಲ್ 29ರವರೆಗೆ 32 ಗುರುವಾರಗಳಿವೆ, ತಯಾರಾದದ್ದು 22 ಕಂತು. ಹತ್ತು ವಾರ ಬಿಡುವು ಕೊಡುವಷ್ಟು ಜಾಗ ಇತ್ತು. ಚಾನೆಲ್ ಡಿಸೆಂಬರ್ 3ಕ್ಕೆ ಹತ್ತನೇ ಕಂತು ಹಾಕಿ ಬಾಗಿಲು ಎಳೆದುಕೊಂಡಿತು. ಮತ್ತೆ ತೆರೆದದ್ದು ಮಾರ್ಚ್ 18ಕ್ಕೆ. ಒಂದೇ ಬೀಸಿಗೆ 14 ಗುರುವಾರ ಖಾಲಿ! ಮರಳಿದ ದಿನ ಎರಡು ಕಂತು ಒಟ್ಟಿಗೆ ಹಾಕಿದರೂ ಲೆಕ್ಕ ಕೂಡಲಿಲ್ಲ. ನಿಜ ಜೀವನದಲ್ಲಿ ಏಪ್ರಿಲ್ 29 ಬಂದು ಹೋಯಿತು, ಕಥೆಯಲ್ಲಿ ಇನ್ನೂ ಬಂದಿರಲಿಲ್ಲ. ಕೊನೆಯ ಕಂತು ಮೇ 27ಕ್ಕೆ ಬಂತು, ಆ ಹೊತ್ತಿಗಾಗಲೇ ಸರಣಿ ರದ್ದಾಗಿತ್ತು. ಆ ಕಂತು ಮುಗಿದದ್ದು ಎರಡನೇ ಸಲ ಎಲ್ಲರೂ ಪ್ರಜ್ಞೆ ತಪ್ಪುವಲ್ಲಿಗೆ, ಅಂದರೆ ಇನ್ನೊಂದು ಒಗಟಿನಲ್ಲಿ. ಮುಹೂರ್ತ ಮೀರಿದ ಮೇಲೆ ತಾಳಿ ಕಟ್ಟಿ, ಮತ್ತೊಂದು ಲಗ್ನಪತ್ರಿಕೆ ಹಂಚಿದಂತಾಯಿತು.

ಚಾನೆಲ್‌ನವರು ಇಷ್ಟು ದಡ್ಡರೇ ಎನಿಸಬಹುದು. ಅವರ ಇಕ್ಕಟ್ಟು ಬೇರೆ. ಅಮೆರಿಕದ ಟಿವಿ ವರ್ಷ ಸೆಪ್ಟೆಂಬರ್ ಕೊನೆಯಿಂದ ಮೇ ಕೊನೆಯವರೆಗೆ, ಸುಮಾರು 35 ವಾರ. ಒಂದು ಸರಣಿಯಿಂದ ಸಿಗುವುದು 22-24 ಕಂತು, ಏಕೆಂದರೆ ಒಂದು ಗಂಟೆಯ ಕಂತನ್ನು ಚಿತ್ರೀಕರಿಸಲು ಎಂಟು ದಿನದ ಆಸುಪಾಸು ಬೇಕು. ಜಾಹೀರಾತು ಕಳೆದರೆ ಆ ಗಂಟೆಯಲ್ಲಿ ಕಥೆಗೆ ಉಳಿಯುವುದು 42-44 ನಿಮಿಷ. ಖಾಲಿ ಬೀಳುವ 11-13 ವಾರಗಳಿಗೆ ಪೊಲೀಸ್ ಕಥೆಯಾದರೆ ಹಳೆಯ ಕಂತನ್ನೇ ಮತ್ತೆ ಹಾಕಬಹುದು, ಜನ ನೋಡುತ್ತಾರೆ. ಉತ್ತರ ಗೊತ್ತಾದ ಒಗಟಿನ ಕಂತನ್ನು ಎರಡನೇ ಸಲ ನೋಡುವವರು ವಿರಳ. ಹಾಗಾಗಿ ಅಲ್ಲೊಂದು ಇಲ್ಲೊಂದು ವಾರ ತಪ್ಪಿಸಿ ಜನರನ್ನು ಗೊಂದಲಕ್ಕೆ ಕೆಡವಬೇಕು, ಇಲ್ಲವೇ ಮಧ್ಯದಲ್ಲಿ ದೊಡ್ಡ ಕಂದಕ ತೋಡಬೇಕು. ಅದೇ ಎಬಿಸಿ ಅದೇ ವರ್ಷ ‘ವಿ’ ಎಂಬ ಅನ್ಯಗ್ರಹಿಗಳ ಕಥೆಯನ್ನು ನವೆಂಬರಿನಲ್ಲಿ ಶುರು ಮಾಡಿ, ಬರೀ ನಾಲ್ಕು ಕಂತಿಗೆ ನಿಲ್ಲಿಸಿ, ಮಾರ್ಚ್ 30ರವರೆಗೆ ಕಾಯಿಸಿತು. ಅದೂ ಎರಡೇ ಸೀಸನ್ನಿಗೆ ಮುಗಿಯಿತು.

(ನಮ್ಮ ಕನ್ನಡ ಧಾರಾವಾಹಿಗಳಿಗೆ ಈ ರೋಗ ತಟ್ಟುವುದಿಲ್ಲ. ವಾರಕ್ಕೆ ಐದಾರು ದಿನ ಬರುತ್ತವೆ, ಒಂದು ದಿನ ತಪ್ಪಿದರೆ ಮರುದಿನವೂ ಅತ್ತೆ ಅದೇ ಬಾಗಿಲಲ್ಲಿ ನಿಂತಿರುತ್ತಾಳೆ. ಅವುಗಳ ರೋಗ ಹನುಮಂತನ ಬಾಲ, ಅದು ಬೇರೆ ವಿಷಯ.)

ಈ ಇಕ್ಕಟ್ಟಿಗೆ ಮದ್ದು ಅದೇ ಚಾನೆಲ್‌ನ ಒಳಗೇ ಇತ್ತು. ‘ಲಾಸ್ಟ್’ 2004ರಲ್ಲಿ ಶುರುವಾದಾಗ ಮೊದಲ ಕಂತಿಗೇ 1 ಕೋಟಿ ಡಾಲರ್‌ಗೂ ಮೀರಿ ಖರ್ಚಾಗಿತ್ತು, ಜನ ಮುಗಿಬಿದ್ದು ನೋಡಿದ್ದರು. ಮೂರನೇ ಸೀಸನ್ನಿನಲ್ಲಿ ಅದೂ ಎಡವಿತು. 2006ರ ಶರತ್ಕಾಲದಲ್ಲಿ ಆರು ಕಂತು ಹಾಕಿ, 2007ರ ಫೆಬ್ರವರಿವರೆಗೆ ನಿಲ್ಲಿಸಿದರು. ಮರಳಿದ ಮೇಲೆ ಕಥೆ ಒಂದೇ ಕಡೆ ಸುತ್ತತೊಡಗಿತು, ನಾಯಕನ ತೋಳಿನ ಹಚ್ಚೆ ಎಲ್ಲಿಂದ ಬಂತು ಎಂದು ಹೇಳಲು ಒಂದಿಡೀ ಕಂತನ್ನೇ ಖರ್ಚು ಮಾಡಿದರು. ಬರಹಗಾರರ ದೂರು ಸರಳವಾಗಿತ್ತು: ಎಲ್ಲಿಗೆ ಮುಗಿಸಬೇಕೆಂದು ಹೇಳದಿದ್ದರೆ ನೀರು ಬೆರೆಸದೆ ಬೇರೆ ದಾರಿಯಿಲ್ಲ. 2007ರ ಮೇನಲ್ಲಿ ಚಾನೆಲ್ ಒಪ್ಪಿತು. ಇನ್ನು 48 ಕಂತು, ಮೂರು ಸೀಸನ್, 2010ಕ್ಕೆ ಮುಕ್ತಾಯ. ಅಲ್ಲಿಂದ ಮುಂದೆ ವರ್ಷದ ಮೊದಲ ಭಾಗದಲ್ಲಿ ಮೇವರೆಗೆ ಸಾಧ್ಯವಾದಷ್ಟು ಬಿಡುವಿಲ್ಲದೆ ಓಡಿಸಿದರು. ನೋಡುಗರು ನಂತರವೂ ಕಡಿಮೆಯಾದರು, ಆದರೆ 2010ರ ಮೇ 23ರ ಕೊನೆಯ ಕಂತಿಗೆ 1 ಕೋಟಿ 35 ಲಕ್ಷ ಮಂದಿ ಕೂತಿದ್ದರು. ಆ ಅಂತ್ಯ ಹಲವರಿಗೆ ರುಚಿಸಲಿಲ್ಲ, ಆ ಜಗಳ ಇನ್ನೂ ನಿಂತಿಲ್ಲ. ಆದರೆ ಜಗಳವಾಡಲಿಕ್ಕಾದರೂ ಅಷ್ಟು ಜನ ಕೊನೆವರೆಗೆ ಉಳಿದಿದ್ದರಲ್ಲ!

ಕೆಲವೊಮ್ಮೆ ಕೆರೆಗೆ ನೀರು ಬರುವ ಮೊದಲೇ ಕಾಲುವೆ ಮುಚ್ಚಿಬಿಡುತ್ತಾರೆ. 2002ರಲ್ಲಿ ಫಾಕ್ಸ್ ಚಾನೆಲ್ ‘ಫೈರ್‌ಫ್ಲೈ’ಗೆ ಮಾಡಿದ್ದು ಅದನ್ನೇ. ಅದರಲ್ಲಿ ಅಂತರಿಕ್ಷ ನೌಕೆಯೂ ಇದೆ, ಕುದುರೆ ಸವಾರರೂ ಇದ್ದಾರೆ. ಇವೆರಡೂ ಒಟ್ಟಿಗೆ ಏಕಿವೆ, ನೌಕೆಯ ಸರಕಿನ ಪೆಟ್ಟಿಗೆಯೊಳಗೆ ಹುಡುಗಿಯೊಬ್ಬಳು ಹೇಗೆ ಬಂದಳು ಎಂಬುದನ್ನೆಲ್ಲ ಎರಡು ಗಂಟೆಯ ಮೊದಲ ಕಂತು ಕಟ್ಟಿಕೊಡುತ್ತದೆ. ಚಾನೆಲ್‌ಗೆ ಅದು ನಿಧಾನ ಅನಿಸಿತು. ಅದನ್ನು ಪಕ್ಕಕ್ಕಿಟ್ಟು, ಅವಸರದಲ್ಲಿ ಬರೆಸಿದ ರೈಲು ದರೋಡೆಯ ಕಂತನ್ನು ಸೆಪ್ಟೆಂಬರ್ 20ರ ಶುಕ್ರವಾರ ಮೊದಲು ಹಾಕಿದರು. ತಯಾರಾದ 14ರಲ್ಲಿ ಪ್ರಸಾರವಾದದ್ದು 11, ಅದೂ ಹಿಂದುಮುಂದಾಗಿ. ಎಲ್ಲಕ್ಕೂ ಮೊದಲು ಬರಬೇಕಿದ್ದ ಕಂತು ಡಿಸೆಂಬರ್ 20ರಂದು ಎಲ್ಲಕ್ಕೂ ಕೊನೆಗೆ ಬಂತು. ಡಿವಿಡಿಯಲ್ಲಿ ಸರಿಯಾದ ಕ್ರಮದಲ್ಲಿ ನೋಡಿದವರು ಅದನ್ನು ತಲೆ ಮೇಲೆ ಹೊತ್ತು ಕುಣಿದರು, 2005ರಲ್ಲಿ ಸಿನಿಮಾ ಕೂಡ ಆಯಿತು. ಕಥೆ ಅದೇ, ನಟರು ಅವರೇ, ಬದಲಾದದ್ದು ಮುಖ್ಯವಾಗಿ ಕಂತುಗಳ ಕ್ರಮ.

ಮೂಲ ‘ಸ್ಟಾರ್ ಟ್ರೆಕ್’ ಇದಕ್ಕೆ ಉಲ್ಟಾ. ಬಹುತೇಕ ಪ್ರತಿ ಕಂತಿನ ಕಥೆ ಅಲ್ಲಲ್ಲಿಗೇ ಮುಗಿಯುತ್ತದೆ. ಎನ್‌ಬಿಸಿ ಅದನ್ನು ಮೂರನೇ ಸೀಸನ್ನಿಗೆ ಶುಕ್ರವಾರ ರಾತ್ರಿ ಹತ್ತಕ್ಕೆ ದೂಡಿ, 1969ರಲ್ಲಿ 79 ಕಂತಿಗೆ ನಿಲ್ಲಿಸಿತು. ಆ 79ನ್ನು ಸ್ಥಳೀಯ ಕೇಂದ್ರಗಳು ಹೇಗೆ ಬೇಕಾದರೂ ಕಲಸಿ ಹಾಕಬಹುದಿತ್ತು, ಹಾಕಿದವು. ಸತ್ತ ಸರಣಿ ಬೆಳೆದದ್ದು ಆ ಮರುಪ್ರಸಾರದಲ್ಲಿ. 80ರ ದಶಕದಲ್ಲಿ ನಮ್ಮ ದೂರದರ್ಶನದಲ್ಲಿ ಬಂದಾಗಲೂ ಒಂದು ವಾರ ಕರೆಂಟ್ ಹೋದರೆ ಕಥೆ ಕಡಿದುಹೋಗುತ್ತಿರಲಿಲ್ಲ.

ಹಣದ ವಿಷಯವನ್ನೂ ಇಲ್ಲಿ ಹೇಳಬೇಕು. ಮೊದಲ ಕಂತಿಗೆ ಸುರಿದ ದುಡ್ಡು ವಾರವಾರ ಸಿಗುವುದಿಲ್ಲ. ಮೊದಲ ವಾರ ನಗರವೇ ಕುಸಿದದ್ದನ್ನು ಕಂಡವರು ಐದನೇ ವಾರ ನಾಲ್ಕು ಜನ ಒಂದು ಕೊಠಡಿಯಲ್ಲಿ ಕೂತು ಹಳೆಯದನ್ನೇ ಚರ್ಚಿಸುವುದನ್ನು ಕಾಣುತ್ತಾರೆ. ಉಳಿತಾಯಕ್ಕಾಗಿ ಇದ್ದ ಸೆಟ್‌ನಲ್ಲೇ ತೆಗೆದ ಕಂತು ಅದು. ಉಳಿತಾಯವನ್ನು ಕಥೆಯೊಳಗೇ ಅಡಗಿಸುವುದು ಜಾಣತನ. ಸ್ಟಾರ್ ಟ್ರೆಕ್‌ನಲ್ಲಿ ಮನುಷ್ಯರು ಮಿನುಗುತ್ತಾ ಮಾಯವಾಗಿ ಗ್ರಹದ ಮೇಲೆ ಮೂಡುವ ಯಂತ್ರ ಬಂದದ್ದೇ ವಾರವಾರ ನೌಕೆ ಇಳಿಯುವ ದೃಶ್ಯಕ್ಕೆ ದುಡ್ಡಿಲ್ಲದ್ದರಿಂದ. ಅದೇ ಸರಣಿಯ ಗುರುತಾಯಿತು.

ತಪ್ಪು ಗೊತ್ತಾದ ಕೂಡಲೇ ತಿದ್ದಿಕೊಳ್ಳಬಾರದೇ? ಆಗುವುದಿಲ್ಲ. ಮೊದಲ ಕಂತು ಪ್ರಸಾರವಾಗುವ ಹೊತ್ತಿಗೆ ಮುಂದಿನ ಎಷ್ಟೋ ಕಂತುಗಳ ಚಿತ್ರೀಕರಣ ಮುಗಿದಿರುತ್ತದೆ, ಅವುಗಳ ಮುಂದಿನವು ಕಾಗದದ ಮೇಲೆ ಸಿದ್ಧವಿರುತ್ತವೆ. ‘ಹೀರೋಸ್’ 2006ರಲ್ಲಿ ಸುಮಾರು 1 ಕೋಟಿ 40 ಲಕ್ಷ ಮಂದಿಯಿಂದ ಶುರುವಾದ ಸರಣಿ. ಎರಡನೇ ಸೀಸನ್ನಿನಲ್ಲಿ ಎಲ್ಲರ ಮೆಚ್ಚಿನ ಪಾತ್ರ ಹಿರೋ ನಕಾಮುರನನ್ನು 1671ರ ಜಪಾನಿಗೆ ಕಳಿಸಿ, ಕಂತುಗಟ್ಟಲೆ ಅಲ್ಲೇ ಉಳಿಸಿದರು. ಹೊಸ ಪಾತ್ರಗಳು ಬಂದವು, ಮುಖ್ಯ ಅಪಾಯ ಏನೆಂದು ಹೇಳುವುದು ತಡವಾಯಿತು. 2007ರ ನವೆಂಬರಿನಲ್ಲಿ ಸೃಷ್ಟಿಕರ್ತ ಟಿಮ್ ಕ್ರಿಂಗ್ ವೇಗ ತಪ್ಪಿದ್ದನ್ನು ಬಹಿರಂಗವಾಗಿಯೇ ಒಪ್ಪಿಕೊಂಡರು. ಅಷ್ಟರಲ್ಲಿ ಬರಹಗಾರರ ಮುಷ್ಕರ ಶುರುವಾಗಿ, ಸೀಸನ್ 11 ಕಂತಿಗೆ ಮೊಟಕಾಯಿತು. ಮುಂದಿನ ಕಂತು ಬಂದದ್ದು 2008ರ ಸೆಪ್ಟೆಂಬರಿಗೆ. ಮುಷ್ಕರವನ್ನು ಎಲ್ಲರೂ ದೂರುತ್ತಾರೆ, ಆದರೆ ಜನ ಬೇಸತ್ತದ್ದು ಅದಕ್ಕೂ ಮೊದಲೇ.

ಗುಟ್ಟು ಬಿಚ್ಚುವ ಲೆಕ್ಕ ಇದಕ್ಕಿಂತ ಸೂಕ್ಷ್ಮ. ಎಚ್‌ಬಿಒ ಚಾನೆಲ್‌ನ ‘ವೆಸ್ಟ್‌ವರ್ಲ್ಡ್’ ಮನುಷ್ಯರಂತೆಯೇ ಕಾಣುವ ಯಂತ್ರಗಳ ಕಥೆ. ಮೊದಲ ಸೀಸನ್ನಿನಲ್ಲಿ ಅದು ಬಿಳಿ ಟೋಪಿಯ ಯುವಕನೂ ಕಪ್ಪು ಟೋಪಿಯ ಮುದುಕನೂ ಒಬ್ಬನೇ, ನಡುವೆ 30 ವರ್ಷ ಸರಿದಿದೆ ಎಂಬುದನ್ನು ಕೊನೆಯ ಕಂತಿನವರೆಗೆ ಬಚ್ಚಿಟ್ಟಿತು. ಅಂತರ್ಜಾಲದ ಅಭಿಮಾನಿಗಳು ಕೆಲವೇ ವಾರಗಳಲ್ಲಿ ಕಂಡುಹಿಡಿದಿದ್ದರು. ನಂತರದ ಸೀಸನ್ ಇನ್ನಷ್ಟು ಗಂಟುಗಂಟಾಗಿ, ಕಾಲವನ್ನು ಹಿಂದುಮುಂದು ಮಾಡಿತು. ಒಗಟು ಬಿಡಿಸುವ ಹಟದ ನೂರು ಜನರನ್ನು ಸೋಲಿಸಲು ಹೋಗಿ, ಸುಮ್ಮನೆ ನೋಡುವ ಲಕ್ಷ ಜನರನ್ನು ದಾರಿ ತಪ್ಪಿಸುವುದು ನನ್ನ ಲೆಕ್ಕದಲ್ಲಿ ಈ ಪ್ರಕಾರದ ಅತಿ ದುಬಾರಿ ತಪ್ಪು. ಅದರ ಮೇಲೆ ಕಾಯಿಸಿದ್ದು ಬೇರೆ: ಸೀಸನ್‌ಗಳ ನಡುವೆ ಮೊದಲು 16 ತಿಂಗಳು, ಆಮೇಲೆ 20ಕ್ಕೂ ಹೆಚ್ಚು, ಕೊನೆಗೆ ಎರಡು ವರ್ಷ ಮೀರಿ. ಯಾರು ಮನುಷ್ಯ, ಯಾರು ಯಂತ್ರ ಎಂಬುದೇ ಮರೆತಿರುತ್ತದೆ. 2022ರ ನವೆಂಬರಿನಲ್ಲಿ ರದ್ದಾಯಿತು, ನಾಲ್ಕು ಸೀಸನ್, 36 ಕಂತು.

ಇಷ್ಟರ ಮೇಲೆ, ಕೆಲವು ಸರಣಿಗಳು ನೋಡುಗರನ್ನು ಕಳೆದುಕೊಂಡೇ ಇರುವುದಿಲ್ಲ. ಅವರು ಲೆಕ್ಕಕ್ಕೆ ಸಿಗದ ಕಡೆ ಕೂತಿರುತ್ತಾರೆ. ‘ದಿ ಎಕ್ಸ್‌ಪ್ಯಾನ್ಸ್’ ಪ್ರಸಾರ ಮಾಡುತ್ತಿದ್ದ ‘ಸೈಫೈ’ ಎಂಬ ಹೆಸರಿನ ಚಾನೆಲ್‌ಗೆ ಅಮೆರಿಕದ ಟಿವಿಯ ಮೊದಲ ಪ್ರಸಾರದ ಹಕ್ಕಷ್ಟೇ ಇತ್ತು. ಬೇರೆಡೆ ನೋಡಿದವರಿಂದ ಅದಕ್ಕೆ ಕಾಸಿಲ್ಲ. 2018ರಲ್ಲಿ ಕೈಬಿಟ್ಟಿತು, ಅಮೆಜಾನ್ ಎತ್ತಿಕೊಂಡು ಇನ್ನೂ ಮೂರು ಸೀಸನ್ ಮಾಡಿತು.

ಸ್ಟ್ರೀಮಿಂಗ್‌ನಲ್ಲಿ ಎಣಿಕೆಯ ರೀತಿಯೇ ಬೇರೆ: ಶುರು ಮಾಡಿದವರಷ್ಟೇ ಅಲ್ಲ, ಮುಗಿಸಿದವರೂ ಲೆಕ್ಕಕ್ಕೆ. 2019ರಲ್ಲಿ ಬ್ರಿಟನ್ನಿನ ಸಂಸತ್ ಸಮಿತಿಗೆ ಕೊಟ್ಟ ಉತ್ತರದಲ್ಲಿ ನೆಟ್‌ಫ್ಲಿಕ್ಸ್ ನೋಡುಗರನ್ನು ಮೂರು ಗುಂಪು ಮಾಡಿತ್ತು: ಕಂತಿನ ಎರಡು ನಿಮಿಷ ನೋಡಿ ಶುರು ಮಾಡಿದವರು, ಒಂದು ಕಂತಿನ 70 ಶೇಕಡಾ ನೋಡಿದವರು, ಸೀಸನ್ನಿನ 90 ಶೇಕಡಾ ಮುಗಿಸಿದವರು. ‘1899’ ಎಂಟು ಕಂತಿನ ಹಡಗಿನ ಒಗಟು. 2022ರ ನವೆಂಬರ್ 17ಕ್ಕೆ ಬಂದು ಜನಪ್ರಿಯ ಪಟ್ಟಿಯ ಮೇಲ್ತುದಿಗೆ ಏರಿತ್ತು. 2023ರ ಜನವರಿ ಆರಂಭದಲ್ಲೇ ರದ್ದು. ಅದೇ ತಂಡದ ‘ಡಾರ್ಕ್’ ಇದಕ್ಕಿಂತ ಕಗ್ಗಂಟು, ಆದರೂ ಮೂರು ಸೀಸನ್, 26 ಕಂತಿಗೆ ಅಂದುಕೊಂಡ ಹಾಗೆ ಮುಗಿಯಿತು.

ಆದ್ದರಿಂದ ಹೊಸ ಸರಣಿಯೊಂದು ಇಷ್ಟವಾದರೆ, ‘ಪೂರ್ತಿ ಬಂದ ಮೇಲೆ ಒಂದೇ ಸಲ ನೋಡೋಣ’ ಎಂದು ಮೊದಲ ಕಂತಿಗೇ ನಿಲ್ಲಿಸಿ ವರ್ಷ ಕಾಯಬೇಡಿ. ಆ ಲೆಕ್ಕದ ಪುಸ್ತಕದಲ್ಲಿ ನೀವು ಮುಗಿಸಿದವರ ಗುಂಪಿಗೆ ಸೇರದೇ ಉಳಿದುಬಿಡುತ್ತೀರಿ.