ಚಿಕ್ಕದು ದೊಡ್ಡದರ ಮರಿಯಲ್ಲ

ಗುರುತಿಸಿ ಕೊಡಿ ಎಂದು ನನ್ನ ಬಳಿ ಬರುವ ಇಯರ್‌ವಿಗ್ ಡಬ್ಬಿಗಳಲ್ಲಿ ಒಂದು ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಬಾಲದಲ್ಲಿ ಇಕ್ಕಳ ಇರುವ, ರೆಕ್ಕೆಯೇ ಇಲ್ಲದ ಕಪ್ಪು ಹುಳುಗಳು ಎರಡು ಅಳತೆಯಲ್ಲಿ ಸಿಕ್ಕಿದ್ದರೆ, ಚಿಕ್ಕದರ ಚೀಟಿಯಲ್ಲಿ ‘ಮರಿ’ ಎಂದು ಬರೆದಿರುತ್ತಾರೆ. ಎಷ್ಟೋ ಸಲ ಅದು ಬೇರೆಯೇ ಜಾತಿ.

ದೊಡ್ಡದು ಅನಿಸೋಲ್ಯಾಬಿಸ್ ಮ್ಯಾರಿಟಿಮಾ, 20 ಮಿಲಿಮೀಟರ್ ದಾಟಿ ಬೆಳೆಯುತ್ತದೆ. ಚಿಕ್ಕದು ಯೂಬೊರೆಲಿಯಾ ಆನ್ಯುಲಿಪೀಸ್, ಸಾಮಾನ್ಯವಾಗಿ 10ರಿಂದ 15 ಮಿಲಿಮೀಟರ್. ಎರಡೂ ಒಂದೇ ಕುಟುಂಬದವು. ಬೇರೆ ಎಷ್ಟೋ ಕೀಟಗಳಲ್ಲಿ ಪೂರ್ತಿ ರೆಕ್ಕೆ ಮೂಡಿದ್ದರೆ ಬೆಳೆದದ್ದು ಎಂದುಬಿಡಬಹುದು. ಇಲ್ಲಿ ಆ ಗುರುತೇ ಇಲ್ಲ, ಅಲ್ವಾ?

ಹಾಗಾಗಿ ನಾನು ಮೊದಲು ಇಕ್ಕಳ ನೋಡುತ್ತೇನೆ. ಬಲಗಡೆಯ ಕೊಂಡಿ ಎಡಗಡೆಯದಕ್ಕಿಂತ ಜಾಸ್ತಿ ಬಾಗಿದ್ದರೆ ಅದು ಬೆಳೆದ ಗಂಡು. ಎರಡೂ ಜಾತಿಗಳಲ್ಲಿ ಹೀಗೇ. 12 ಮಿಲಿಮೀಟರ್ ಹುಳುವಿನಲ್ಲಿ ಇದು ಕಂಡರೆ ಮರಿಯ ಮಾತೇ ಬರುವುದಿಲ್ಲ. ಇಕ್ಕಳ ನೇರವಾಗಿದ್ದರೆ ಹೆಣ್ಣೂ ಆಗಿರಬಹುದು, ಮರಿಯೂ ಆಗಿರಬಹುದು. ಆಗ ಹೊಟ್ಟೆಯ ಮೇಲ್ಭಾಗದ ಪಟ್ಟಿ ಎಣಿಸಿದರೂ ಉಪಯೋಗವಿಲ್ಲ. ಗಂಡಿಗೆ 10 ಕಾಣುತ್ತವೆ, ಹೆಣ್ಣಿಗೆ 8. ಅದರಿಂದ ಗಂಡು ಹೆಣ್ಣು ತಿಳಿಯುತ್ತದೆ, ಜಾತಿ ತಿಳಿಯುವುದಿಲ್ಲ.

ಜಾತಿ ಹೇಳುವುದು ಕಾಲು ಮತ್ತು ಮೀಸೆ. ಚಿಕ್ಕದರ ಮಾಸಲು ಹಳದಿ ಕಾಲಿಗೆ ಕಂದು ಬಳೆ ತೊಡಿಸಿದಂತಿರುತ್ತದೆ. ಮೀಸೆಯ ತುದಿಯ ಹತ್ತಿರ ಒಂದೆರಡು ಗಂಟು ಬಿಳಿ. ದೊಡ್ಡದರ ಕಾಲಿಗೆ ಬಳೆಯಿಲ್ಲ, ಮೀಸೆಯಲ್ಲಿ ಬಿಳಿಯಿಲ್ಲ. ಒಂದು ಎಚ್ಚರ: ಮೀಸೆ ಸುಲಭವಾಗಿ ಮುರಿಯುತ್ತದೆ. ಬಿಳಿ ಗಂಟು ಕಾಣಲಿಲ್ಲ ಎಂದು ಸುಮ್ನೆ ತೀರ್ಮಾನಿಸಬೇಡಿ. ತುದಿ ಉಳಿದಿದೆಯೇ ನೋಡಿ.

ಸಿಕ್ಕ ಜಾಗವನ್ನೂ ಚೀಟಿಯಲ್ಲಿ ಬರೆಯಿರಿ. ದೊಡ್ಡದು ಕಡಲ ದಡದ್ದು. ಉಬ್ಬರದ ಗೆರೆಯ ಬಳಿ ಕೊಚ್ಚಿಬಂದ ಮರ, ಪಾಚಿಯ ಅಡಿಯಲ್ಲಿದ್ದು ರಾತ್ರಿ ಬೇಟೆಯಾಡುತ್ತದೆ. ಚಿಕ್ಕದು ತೋಟ, ಗೊಬ್ಬರದ ಗುಂಡಿ, ಹಸಿರುಮನೆ ಎಲ್ಲೆಲ್ಲೂ ಉಂಟು. ಹುಳುಗಳನ್ನೂ ತಿನ್ನುತ್ತದೆ, ಬೇರು ಗೆಡ್ಡೆಗಳನ್ನೂ ಕಚ್ಚುತ್ತದೆ. ಆದರೂ ದಡದ ಮರದಡಿ ಸಿಕ್ಕಿದ್ದೆಲ್ಲ ದೊಡ್ಡ ಜಾತಿಯೇ ಎನ್ನುವಂತಿಲ್ಲ. ಚಿಕ್ಕದು ಅಲ್ಲಿಗೂ ಹೋಗುತ್ತದೆ.

ಒಂದು ಕೋರಿಕೆ ಇದೆ. ಹಲಗೆ ಎತ್ತಿದಾಗ ಮೊಟ್ಟೆಗಳ ಮೇಲೆ ಕಾವಲು ಕೂತ ತಾಯಿ ಕಂಡರೆ ಡಬ್ಬಿಗೆ ಹಾಕಬೇಡಿ. ಬೂಷ್ಟು ಹಿಡಿಯದಂತೆ ಒಂದೊಂದೇ ಮೊಟ್ಟೆ ನೆಕ್ಕಿ ಶುಚಿ ಮಾಡುವವಳು ಅವಳೇ. ಕೆಣಕಿದರೆ ತಾನೇ ಮೊಟ್ಟೆ ತಿಂದುಬಿಡುವುದೂ ಉಂಟು. ಮೇಲಿನಿಂದ ಒಂದು, ಕಾಲು ಕಾಣುವಂತೆ ಪಕ್ಕದಿಂದ ಒಂದು ಫೋಟೋ ತೆಗೆದು, ಹಲಗೆಯನ್ನು ಮೆಲ್ಲಗೆ ಇದ್ದ ಹಾಗೇ ಇಡಿ.