ಪರಮಪ್ರಸಾದದ ಭಕ್ತಿ: ಧರ್ಮೋಪದೇಶ ತರಗತಿಗೆ ಓದಿಕೊಂಡ ಟಿಪ್ಪಣಿ

ಧರ್ಮಕೇಂದ್ರದಲ್ಲಿ, ಅಂದರೆ ನಮ್ಮ ಚರ್ಚಿನ ಸಮುದಾಯದಲ್ಲಿ, ಪರಮಪ್ರಸಾದದ (ಬಲಿಪೂಜೆಯಲ್ಲಿ ಕ್ರಿಸ್ತರ ಶರೀರವೆಂದು ಸ್ವೀಕರಿಸುವ ಪವಿತ್ರ ರೊಟ್ಟಿಯ) ಭಕ್ತಿ ಹೆಚ್ಚಬೇಕು ಅಂದ ಕೂಡಲೇ ನಮಗೆ ಹೊಳೆಯುವುದು ಕಾರ್ಯಕ್ರಮಗಳು. ಪರಮಪ್ರಸಾದವನ್ನು ಪೀಠದ ಮೇಲಿಟ್ಟು ಪ್ರಾರ್ಥಿಸುವ ಇನ್ನೊಂದು ಆರಾಧನೆ, ಇನ್ನೊಂದು ಮೆರವಣಿಗೆ. ಅವು ಬೇಕೇ ಬೇಕು. ಆದರೆ ಓದುತ್ತಾ ಹೋದ ಹಾಗೆ ನನಗೆ ಒಂದು ವಿಷಯ ಗಟ್ಟಿಯಾಯಿತು. ಈ ಭಕ್ತಿಯ ಬೇರು ಇರುವುದು ಭಾನುವಾರದ ಬಲಿಪೂಜೆಯಲ್ಲಿ, ಅಲ್ಲಿ ನಮ್ಮ ಪಕ್ಕ ಕೂತವರ ಜೊತೆಯಲ್ಲಿ.

ಮೊದಲು ಸಂತ ಪೌಲರ ಪತ್ರ ತೆಗೆಯಿರಿ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರ, 11ನೇ ಅಧ್ಯಾಯ. ಪ್ರಭುವಿನ ಕಡೆಯ ಭೋಜನದ ಬಗ್ಗೆ ನಮಗೆ ಸಿಕ್ಕಿರುವ ಅತಿ ಹಳೆಯ ಬರಹ ಇದು. ಶುಭಸಂದೇಶಗಳಿಗಿಂತಲೂ ಮುಂಚಿನದು. ತರಗತಿಯಲ್ಲಿ ಸಾಮಾನ್ಯವಾಗಿ 23ನೇ ವಚನದಿಂದ ಓದಿಸುತ್ತೇವೆ, ಅಲ್ವಾ? ದಯವಿಟ್ಟು 17ರಿಂದ ಶುರು ಮಾಡಿ. ಆಗ ಗೊತ್ತಾಗುತ್ತದೆ, ಪೌಲರು ಇಲ್ಲಿ ಸುಮ್ನೆ ಪಾಠ ಹೇಳುತ್ತಿಲ್ಲ, ಬೈಯುತ್ತಿದ್ದಾರೆ.

ಯಾಕೆ ಬೈದರು? ಕೊರಿಂಥದಲ್ಲಿ ಆಗ ಪ್ರಭುವಿನ ಭೋಜನದ ಜೊತೆ ನಿಜವಾದ ಊಟವೂ ಇರುತ್ತಿತ್ತು. ಉಳ್ಳವರು ತಮ್ಮ ಪಾಡಿಗೆ ಮೊದಲೇ ಉಂಡು ಮುಗಿಸುತ್ತಿದ್ದರು. ಕುಡಿದು ಅಮಲೇರಿದವರೂ ಇದ್ದರು. ಇಲ್ಲದವರು ಹಸಿದುಕೊಂಡು ಕೂರಬೇಕಿತ್ತು. ‘ನೀವು ಮಾಡುತ್ತಿರುವುದು ಪ್ರಭುವಿನ ಭೋಜನವೇ ಅಲ್ಲ’ ಎಂದು ಪೌಲರು ಖಡಾಖಂಡಿತವಾಗಿ ಹೇಳುತ್ತಾರೆ. ‘ಇದು ನನ್ನ ಶರೀರ’ ಎಂಬ ಪವಿತ್ರ ಮಾತು ಬರುವುದು ಈ ಬೈಗುಳದ ನಡುವೆಯೇ. ಪ್ರಭುವಿನ ಶರೀರವನ್ನು ಗುರುತಿಸದೆ ತಿನ್ನಬೇಡಿ ಎಂದು 29ನೇ ವಚನ ಎಚ್ಚರಿಸುತ್ತದೆ. ರೊಟ್ಟಿಯ ರೂಪದಲ್ಲಿರುವ ಪ್ರಭುವನ್ನು ಗುರುತಿಸಬೇಕು, ನಿಜ. ಆದರೆ ಪಕ್ಕದಲ್ಲಿ ಹಸಿದು ಕೂತವನೂ ಅದೇ ಶರೀರದ ಅಂಗ. ಅವನನ್ನು ಕಾಣದ ಕಣ್ಣಿಗೆ ರೊಟ್ಟಿಯಲ್ಲಿರುವ ಪ್ರಭು ಹೇಗೆ ಕಂಡಾರು?

ಸುಮಾರು ಕ್ರಿ.ಶ. 155ರಲ್ಲಿ ರೋಮಿನಲ್ಲಿದ್ದ ಆದಿಕಾಲದ ಕ್ರೈಸ್ತ ಬರಹಗಾರ ಸಂತ ಜಸ್ಟಿನ್ ಭಾನುವಾರದ ಪೂಜೆಯನ್ನು ವರ್ಣಿಸಿದ್ದಾರೆ. ವಾಚನ, ಪ್ರಬೋಧನೆ, ರೊಟ್ಟಿ ಮತ್ತು ದ್ರಾಕ್ಷಾರಸ, ಜನರ ‘ಆಮೆನ್’. ಎಲ್ಲಾ ನಮಗೆ ಪರಿಚಿತವೇ. ಆಮೇಲೆ ಎರಡು ವಿಷಯ ಸೇರಿಸುತ್ತಾರೆ. ಬರಲಾಗದವರ ಮನೆಗೆ ಪರಮಪ್ರಸಾದ ಕಳಿಸುತ್ತಿದ್ದರು. ಕೂಡಿಸಿದ ಕಾಣಿಕೆ ಅನಾಥರು, ವಿಧವೆಯರು, ರೋಗಿಗಳು, ಸೆರೆಯಲ್ಲಿರುವವರ ಪಾಲಿಗೆ ಹೋಗುತ್ತಿತ್ತು. ಇವೆರಡಕ್ಕೂ ಅಡಿಗೆರೆ ಹಾಕಿಕೊಳ್ಳಿ.

ಈಗ ಬಲಿಪೂಜೆಯ ಒಂದು ಗಳಿಗೆ. ‘ದೇವರ ಕುರಿಮರಿಯೇ’ ಹಾಡುವಾಗ ನಾವು ಹೆಚ್ಚಿನವರು ಹಾಡಿನ ಪುಸ್ತಕ ನೋಡುತ್ತಿರುತ್ತೇವೆ. ಮುಂದಿನ ಭಾನುವಾರ ಪೀಠದ ಕಡೆ ನೋಡಿ. ಗುರುಗಳು ಪವಿತ್ರ ರೊಟ್ಟಿಯನ್ನು ಮುರಿಯುತ್ತಾರೆ. ಒಂದು ಚೂರನ್ನು ಪಾತ್ರೆಯ ದ್ರಾಕ್ಷಾರಸಕ್ಕೆ ಹಾಕುತ್ತಾರೆ. ಮೈಕ್ ಹತ್ತಿರವಿದ್ದರೆ ಮುರಿಯುವ ಸಣ್ಣ ಸದ್ದೂ ಕೇಳುತ್ತದೆ. ಎಮ್ಮಾವುಸ್ ಎಂಬ ಊರಿನ ದಾರಿಯಲ್ಲಿ ಜೊತೆಗೆ ನಡೆದವರು ಪುನರುತ್ಥಾನರಾದ ಯೇಸುವೇ ಎಂದು ಇಬ್ಬರು ಶಿಷ್ಯರಿಗೆ ತಿಳಿದದ್ದು ಇದೇ ಮುರಿಯುವಿಕೆಯಲ್ಲಿ. ಮಕ್ಕಳಿಗೆ ಇದನ್ನು ತೋರಿಸಿಕೊಟ್ಟರೆ ಸಾಕು, ಆ ಗಳಿಗೆಗಾಗಿ ಅವರೇ ಕಾಯುತ್ತಾರೆ.

ಇನ್ನು ಪರಮಪ್ರಸಾದ ಕೊಡುವವರು ‘ಕ್ರಿಸ್ತರ ಶರೀರ’ ಎಂದಾಗ ನಾವು ಹೇಳುವ ಆಮೆನ್. ಕ್ರಿಸ್ತರ ಶರೀರ ನೀವೇ, ಆದ್ದರಿಂದ ನೀವು ಏನಾಗಿದ್ದೀರೋ ಅದಕ್ಕೇ ಆಮೆನ್ ಹೇಳುತ್ತೀರಿ ಎಂಬ ಅರ್ಥದಲ್ಲಿ ಸಂತ ಅಗಸ್ಟೀನರು ಪ್ರಬೋಧನೆ ಮಾಡಿದ್ದಾರೆ. ಆ ಆಮೆನ್ ಗಟ್ಟಿಯಾಗಿ ಬರಲಿ. ಸ್ವೀಕರಿಸಿದ ಮೇಲೆ ಒಂದೆರಡು ನಿಮಿಷ ಮೌನವೂ ಇರಲಿ. ಆ ಹೊತ್ತಿಗೇ ಪ್ರಕಟಣೆ ಓದುವ ಅವಸರ ಬೇಡ ಎಂದು ನನಗೆ ಬಲವಾಗಿ ಅನಿಸುತ್ತದೆ.

ಆರಾಧನೆಯ ಬಗ್ಗೆ ಚಿಕ್ಕದಾಗಿ. ಪರಮಪ್ರಸಾದದ ಹಬ್ಬವನ್ನು ಇಡೀ ಧರ್ಮಸಭೆಗೆ ವಿಸ್ತರಿಸಿದ್ದು ನಾಲ್ಕನೇ ಅರ್ಬನ್ ಪೋಪರು, 1264ರಲ್ಲಿ. ಅದರ ಹಿಂದೆ ಲೀಜ್ ಪಟ್ಟಣದ ಸಂತ ಜೂಲಿಯಾನಾ ಅವರ ಹಂಬಲವಿತ್ತು. 1973ರ ರೋಮಿನ ಆರಾಧನಾ ವಿಧಿಯ ಪ್ರಕಾರ, ಬರೀ ಆಶೀರ್ವಾದ ಕೊಡುವುದಕ್ಕೆಂದೇ ಪರಮಪ್ರಸಾದವನ್ನು ಜನರ ದರ್ಶನಕ್ಕೆ ಇಡುವಂತಿಲ್ಲ. ವಾಚನ, ಹಾಡು, ಮೌನ ಪ್ರಾರ್ಥನೆಗೆ ಸಮಯ ಕೊಡಲೇಬೇಕು. ಮಂಗಳೂರಿನಲ್ಲಿ ಜನವರಿಯಲ್ಲಿ ಮಿಲಾಗ್ರಿಸ್ ಚರ್ಚಿನಿಂದ ರೊಸಾರಿಯೊ ಕೆಥೆಡ್ರಲ್‌ಗೆ ಹೊರಡುವ ಮೆರವಣಿಗೆಯಲ್ಲಿ ನಡೆದವರಿಗೆ ಗೊತ್ತು, ಪೀಠದ ಮುಂದಿನ ಭಕ್ತಿ ಬೀದಿಗೂ ಇಳಿಯುತ್ತದೆ.

ಜಸ್ಟಿನರ ಮಾತು ನನಗೆ ಅರ್ಥವಾದದ್ದು ಒಂದು ಮನೆಯಲ್ಲಿ. ಫಾದರ್ ಜೊತೆ ಮೇಣದಬತ್ತಿ ಹಿಡಿದು ಹೋಗಿದ್ದೆ. ಅಜ್ಜಿ ಹಾಸಿಗೆ ಹಿಡಿದು ಎರಡು ವರ್ಷವಾಗಿತ್ತು. ಸ್ಟೂಲಿನ ಮೇಲೆ ಇಸ್ತ್ರಿ ಮಾಡಿದ ಬಿಳಿ ಬಟ್ಟೆ, ಒಂದು ಶಿಲುಬೆ, ಸ್ಟೀಲ್ ಲೋಟದಲ್ಲಿ ನೀರು. ಫಾದರ್ ಪುಟ್ಟ ಡಬ್ಬಿ ತೆರೆದರು. ಸ್ವೀಕರಿಸಿ ಅಜ್ಜಿ ತುಂಬಾ ಹೊತ್ತು ಕಣ್ಣು ಮುಚ್ಚಿಕೊಂಡಿದ್ದರು. ಆಮೇಲೆ ನನ್ನ ಕೈ ಹಿಡಿದು ಕೇಳಿದರು:

‘ಇವತ್ತು ಪೂಜೆಗೆ ಯಾರ್ಯಾರು ಬಂದಿದ್ರು ಮಗಾ?’

ಹಾಸಿಗೆಯ ಅಂಚಿನಲ್ಲಿ ಕೂತು, ಒಬ್ಬೊಬ್ಬರದೇ ಹೆಸರು ಹೇಳುತ್ತಾ ಹೋದೆ.